ನಿಮಿಷಕ್ಕೆ ಹದಿನೈದು ಗುಂಡು: 1914ರ ಬಂದೂಕುಗಳೂ ಅವುಗಳ ಹಿಂದಿನ ತರಬೇತಿಯೂ

ಮೊದಲ ಮಹಾಯುದ್ಧದ ಬಂದೂಕುಗಳ ಮಾತು ಬಂದರೆ, ಬ್ರಿಟಿಷರ ಎಸ್‌ಎಂಎಲ್‌ಇ (ಶಾರ್ಟ್ ಮ್ಯಾಗಜಿನ್ ಲೀ-ಎನ್‌ಫೀಲ್ಡ್) ಮೇಲೋ ಜರ್ಮನರ ಗೆವೇರ್ 98 ಮೇಲೋ ಎನ್ನುವಲ್ಲಿಗೇ ಚರ್ಚೆ ಬಂದು ನಿಲ್ಲುತ್ತದೆ. ಎಸ್‌ಎಂಎಲ್‌ಇ ನಮಗೆ ಹೊಸದಲ್ಲ. ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗಿ ದಶಕಗಟ್ಟಲೆ ನಮ್ಮ ಪೊಲೀಸರ ಹೆಗಲ ಮೇಲಿದ್ದ ‘ತ್ರೀ ನಾಟ್ ತ್ರೀ’ ಅದೇ. ಆದರೆ ಎರಡು ಬಂದೂಕನ್ನು ಪಕ್ಕಪಕ್ಕ ಇಟ್ಟು ಅಳೆದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಅದನ್ನು ಹಿಡಿದವನಿಂದ ಏನೇನು ಮಾಡಿಸಿ ಪಳಗಿಸಿದ್ದರು ಎಂಬುದರಲ್ಲಿ ಉಳಿದರ್ಧ ಇದೆ.

ಮೊದಲು ಕಬ್ಬಿಣದ ವಿಷಯ. ಗೆವೇರ್ 98ರ ಬೋಲ್ಟ್, ಅಂದರೆ ತೋಟಾವನ್ನು ಒಳಗೆ ತಳ್ಳಿ ನಳಿಕೆಯ ಹಿಂಬದಿ ಮುಚ್ಚುವ ಸರಳು, ಮುಂಭಾಗದಲ್ಲಿ ಲಾಕ್ ಆಗುತ್ತದೆ, ಹಾಗಾಗಿ ಗಟ್ಟಿ. ಆದರೆ ಅದರ ಹಿಡಿಯನ್ನು 90 ಡಿಗ್ರಿ ಎತ್ತಬೇಕು, ಹಿಡಿ ಅಡ್ಡಕ್ಕೆ ನೇರವಾಗಿ ಚಾಚಿಕೊಂಡಿದೆ, ಎತ್ತುವಾಗಲೇ ಗುಂಡು ಸಿಡಿಸುವ ಸ್ಪ್ರಿಂಗ್ ಬಿಗಿಯಾಗುತ್ತದೆ. ನಳಿಕೆ ಕಾದು ಖಾಲಿ ತೋಟಾ ಒಳಗೆ ಕಚ್ಚಿಕೊಂಡರೆ ಎತ್ತುವುದು ಇನ್ನೂ ಕಷ್ಟ. ಸಿಪಾಯಿ ಬಂದೂಕನ್ನು ಭುಜದಿಂದ ಇಳಿಸಿಬಿಡುತ್ತಾನೆ, ಗುರಿ ಮತ್ತೆ ಹುಡುಕಬೇಕು. ಎಸ್‌ಎಂಎಲ್‌ಇ ಬೋಲ್ಟ್ ಹಿಂಭಾಗದಲ್ಲಿ ಲಾಕ್ ಆಗುತ್ತದೆ, ಸುಮಾರು 60 ಡಿಗ್ರಿ ಎತ್ತಿದರೆ ಸಾಕು, ಬಾಗಿದ ಹಿಡಿ ಟ್ರಿಗರ್ ಪಕ್ಕದಲ್ಲೇ ಕೂತಿರುತ್ತದೆ. ಸ್ಪ್ರಿಂಗ್ ಬಿಗಿಯಾಗುವುದು ಮುಂದಕ್ಕೆ ತಳ್ಳುವಾಗ. ಹೊಸಬರು ಇಲ್ಲೇ ಎಡವುತ್ತಾರೆ: ಇಡೀ ತೋಳು ಹಾಕಿ ನೂಕಿ ನಳಿಕೆಯ ತುದಿಯನ್ನು ಅಲ್ಲಾಡಿಸುತ್ತಾರೆ. ಪಳಗಿದವನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿಯನ್ನು ಬಿಡದೆ ಹಿಡಿದು, ಮಧ್ಯದ ಬೆರಳಿನಿಂದ ಟ್ರಿಗರ್ ಎಳೆಯುತ್ತಿದ್ದ.

ಮ್ಯಾಗಜಿನ್‌ನಲ್ಲಿ, ಅಂದರೆ ತೋಟಾ ತುಂಬಿಡುವ ಪೆಟ್ಟಿಗೆಯಲ್ಲಿ, ಜರ್ಮನರಿಗೆ ಐದು ತೋಟಾ, ಬ್ರಿಟಿಷರಿಗೆ ಹತ್ತು. ಎರಡಕ್ಕೂ ಐದು ತೋಟಾಗಳನ್ನು ಒಟ್ಟಿಗೆ ಹಿಡಿದಿಡುವ ಪಟ್ಟಿ, ಅಂದರೆ ಕ್ಲಿಪ್. ಹತ್ತರ ಲಾಭವೆಂದರೆ ಐದು ಉಳಿದಿರುವಾಗಲೇ ಮತ್ತೈದು ತುಂಬಬಹುದು, ಬಂದೂಕು ಬರಿದಾಗುವುದೇ ಇಲ್ಲ. ಆದರೆ ಬ್ರಿಟಿಷರ .303 ತೋಟಾದ ಬುಡಕ್ಕೆ ಅಂಚು ಇದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಎರಡೂ ಒಟ್ಟಿಗೆ ಎಳೆದುಕೊಂಡು ಜಾಮ್ ಆಗುತ್ತದೆ. ಫ್ರೆಂಚರ 1886ರ ಲೆಬೆಲ್‌ನ ಪಾಡು ಇನ್ನೂ ಕಷ್ಟ. ನಳಿಕೆಯ ಕೆಳಗಿನ ಕೊಳವೆಗೆ ಎಂಟು ತೋಟಾಗಳನ್ನು ಒಂದೊಂದಾಗಿ ಕೈಯಲ್ಲೇ ತುಂಬಬೇಕು.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಗುರಿ ಹಿಡಿಯುವ ಸೈಟ್‌ನಲ್ಲಿದೆ ಎಂದು ನನಗನ್ನಿಸುತ್ತದೆ, ಅದರ ಮಾತೇ ಯಾರೂ ಆಡುವುದಿಲ್ಲ. ಗೆವೇರ್ 98ರ ಹಿಂದಿನ ಸೈಟ್‌ನ ದೂರದ ಅಳತೆ 400 ಮೀಟರ್‌ಗಿಂತ ಕೆಳಗೆ ಇಳಿಯುವುದೇ ಇಲ್ಲ. 200 ಮೀಟರ್ ದೂರದವನ ಎದೆಗೆ ಗುರಿಯಿಟ್ಟರೆ ಗುಂಡು ಒಂದಡಿಗೂ ಮೇಲೆ ಹೋಗುತ್ತದೆ. ಸೊಂಟಕ್ಕೋ ಅದಕ್ಕೂ ಕೆಳಗೋ ಹಿಡಿಯಬೇಕೆಂಬ ಪಾಠ ಗಾಬರಿಯಲ್ಲಿ ಎಷ್ಟು ಜನಕ್ಕೆ ನೆನಪಿರುತ್ತದೆ? ಎಸ್‌ಎಂಎಲ್‌ಇ ಸೈಟ್ 200 ಗಜಕ್ಕೆ ಇಳಿಯುತ್ತದೆ.

ಈಗ ತರಬೇತಿ. ಇಂಗ್ಲೆಂಡಿನ ಹೈತ್‌ನ ಮಸ್ಕೆಟ್ರಿ (ಬಂದೂಕು ಹಾರಿಸುವ ವಿದ್ಯೆ) ಶಾಲೆಯ ಪ್ರಭಾವದಲ್ಲಿ ರೂಪುಗೊಂಡ ಬ್ರಿಟಿಷ್ ಸೈನ್ಯದ 1909ರ ನಿಯಮಾವಳಿಯ ವಾರ್ಷಿಕ ಪರೀಕ್ಷೆಯಲ್ಲಿ 50 ಗುಂಡು, 200 ಅಂಕ. 130 ಅಥವಾ ಅದಕ್ಕಿಂತ ಹೆಚ್ಚು ಗಳಿಸಿದವನು ಮಾರ್ಕ್ಸ್‌ಮನ್, ಅಂದರೆ ನುರಿತ ಗುರಿಕಾರ. ಅದರ ಒಂದು ಸುತ್ತು ಹೆಸರುವಾಸಿ: ಮಲಗಿಕೊಂಡು, 300 ಗಜ ದೂರದ ನಾಲ್ಕಡಿ ಚೌಕದ ಗುರಿಗೆ, ಒಂದು ನಿಮಿಷದಲ್ಲಿ ಹದಿನೈದು ಗುಂಡು. ಶುರುವಿನಲ್ಲಿ ಬಂದೂಕಿನಲ್ಲಿ ಐದೇ ತೋಟಾ, ಮಿಕ್ಕ ಎರಡು ಕ್ಲಿಪ್ ಚೀಲದಿಂದ ತೆಗೆದು ತುಂಬಬೇಕು. ಒಂದು ಕ್ಲಿಪ್‌ಗೆ ಐದು ಸೆಕೆಂಡ್ ಹಿಡಿದರೂ ಪ್ರತಿ ಗುಂಡಿಗೆ ಮೂರು ಸೆಕೆಂಡ್ ಮೇಲೆ ಸ್ವಲ್ಪ ಉಳಿಯುತ್ತದೆ, ಅಷ್ಟರಲ್ಲೇ ಗುರಿಯೂ ಹಿಡಿಯಬೇಕು. ಅಂಕಕ್ಕೂ ಸಂಬಳಕ್ಕೂ ನಂಟಿದ್ದುದರಿಂದ ಯಾರೂ ಉದಾಸೀನ ಮಾಡುತ್ತಿರಲಿಲ್ಲ.

ಗುಂಡು ಖರ್ಚಿಲ್ಲದ ಅಭ್ಯಾಸಗಳೇ ಇದರ ಬುನಾದಿ. ಒಂದನ್ನು ಹೇಳುತ್ತೇನೆ. ಬಂದೂಕನ್ನು ಮರಳಚೀಲದ ಮೇಲೆ ಅಲುಗಾಡದಂತೆ ಕೂರಿಸುತ್ತಾರೆ. ಹತ್ತು ಗಜ ದೂರದ ಬಿಳಿ ಕಾಗದದ ಮೇಲೆ ಒಬ್ಬ, ನಡುವೆ ತೂತಿರುವ ಚಿಕ್ಕ ಬಿಲ್ಲೆ ಹಿಡಿದಿರುತ್ತಾನೆ. ಕಲಿಯುವವನು ಬಂದೂಕನ್ನು ಮುಟ್ಟದೆ ಸೈಟ್‌ನಲ್ಲಿ ಕಣ್ಣಿಟ್ಟು, ಎಡಕ್ಕೆ, ಮೇಲಕ್ಕೆ ಎಂದು ಬಿಲ್ಲೆಯನ್ನು ಸರಿಸಿಸುತ್ತಾನೆ. ಸರಿ ಅಂದಾಗ ತೂತಿನಲ್ಲಿ ಪೆನ್ಸಿಲ್ ಚುಕ್ಕೆ. ಹೀಗೆ ಮೂರು ಸಲ. ಮೂರು ಚುಕ್ಕೆಗಳ ತ್ರಿಕೋನ ಚಿಕ್ಕದಾದಷ್ಟೂ ಕಣ್ಣು ಪ್ರತಿಸಲ ಒಂದೇ ರೀತಿ ನೋಡುತ್ತಿದೆ ಎಂದರ್ಥ. ತ್ರಿಕೋನ ಮೇಲೆ ಕೆಳಗೆ ಉದ್ದವಾದರೆ ಹಿಂದಿನ ಸೈಟ್‌ನೊಳಗೆ ಮುಂದಿನ ಸೈಟ್‌ನ ತುದಿಯನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಎತ್ತರದಲ್ಲಿ ನೋಡುತ್ತಿದ್ದಾನೆ. ತಪ್ಪು ಎಲ್ಲಿದೆಯೆಂದು ಒಂದು ಗುಂಡೂ ಹಾರಿಸದೆ ತಿಳಿಯುತ್ತದೆ.

ಜರ್ಮನಿಯದು ಕಡ್ಡಾಯ ಸೇವೆ, ಪದಾತಿಗೆ ಎರಡು ವರ್ಷ. ಬ್ರಿಟಿಷ್ ಸಿಪಾಯಿ ಸಾಮಾನ್ಯವಾಗಿ ಏಳು ವರ್ಷ ಪಲ್ಟನ್ನಿನಲ್ಲಿ ಇದ್ದು, ಆಮೇಲೆ ಐದು ವರ್ಷ ಮೀಸಲಿಗೆ ಹೋಗುವವನು. ಜರ್ಮನರು ಒಬ್ಬೊಬ್ಬನ ವೇಗಕ್ಕಿಂತ, ಅಧಿಕಾರಿ ದೂರ ಹೇಳಿದಂತೆ ಇಡೀ ಸಾಲು ಒಂದು ಜಾಗದ ಮೇಲೆ ಗುಂಡು ಸುರಿಸುವುದಕ್ಕೆ ಹೆಚ್ಚು ಒತ್ತು ಕೊಟ್ಟರು. ಪ್ರತಿವರ್ಷ ಹೊಸಬರನ್ನು ತುಂಬಿಕೊಳ್ಳುವ ದೊಡ್ಡ ಸೈನ್ಯಕ್ಕೆ ಅದು ಸರಿಯಾದ ಲೆಕ್ಕವೇ.

1914ರ ಆಗಸ್ಟ್ 23ರಂದು ಬೆಲ್ಜಿಯಂನ ಮೋನ್ಸ್‌ನಲ್ಲಿ ಬ್ರಿಟಿಷರ ರೈಫಲ್‌ಗಳ ಹೊಡೆತವನ್ನು ಜರ್ಮನರು ಮಷಿನ್ ಗನ್ ಎಂದೇ ತಿಳಿದರು ಎಂಬ ಮಾತನ್ನು ಅತಿಯಾಗಿ ನಂಬಬೇಡಿ. ಬ್ರಿಟಿಷ್ ಬೆಟಾಲಿಯನ್‌ಗೆ ಎರಡು ಮಷಿನ್ ಗನ್ ನಿಜಕ್ಕೂ ಇದ್ದವು. ಮೂರು ಬೆಟಾಲಿಯನ್ನಿನ ಜರ್ಮನ್ ರೆಜಿಮೆಂಟ್‌ಗೆ ಆರು, ಅಂದರೆ ಅದೇ ಪ್ರಮಾಣ. ವೇಗದ ಗುಂಡಿನಿಂದ ಜರ್ಮನರು ಪೆಟ್ಟು ತಿಂದದ್ದು ಮಾತ್ರ ನಿಜ.

ಈ ವೇಗದ ಹಿಂದಿದ್ದವನು ಹೈತ್‌ನ ಮುಖ್ಯ ಬೋಧಕ ನಾರ್ಮನ್ ಮ್ಯಾಕ್‌ಮಹನ್. ಅವನು ಮೊದಲು ಕೇಳಿದ್ದು ಹೆಚ್ಚು ಮಷಿನ್ ಗನ್‌ಗಳನ್ನು. ಸಿಗಲಿಲ್ಲ. ಆ ಕೊರತೆಯನ್ನು ಸಿಪಾಯಿಗಳ ಕೈಯಿಂದಲೇ ತುಂಬಿಸಲು ಹೊರಟ. 4ನೇ ರಾಯಲ್ ಫ್ಯುಸಿಲಿಯರ್ಸ್ ಬೆಟಾಲಿಯನ್ನಿನ ಮುಖ್ಯಸ್ಥನಾಗಿ ಮೋನ್ಸ್‌ನಲ್ಲಿ ಹೋರಾಡಿ, ಅದೇ ವರ್ಷದ ನವೆಂಬರ್ 11ರಂದು ಬೆಲ್ಜಿಯಂನದೇ ಈಪ್ರ್ ಬಳಿ ಸತ್ತ. ಅವನು ಪಳಗಿಸಿದ ಹಳೆಯ ಸಿಪಾಯಿಗಳಲ್ಲಿ ಬಹಳಷ್ಟು ಜನ ಆ ಹೊತ್ತಿಗಾಗಲೇ ಸತ್ತೋ ಗಾಯಗೊಂಡೋ ಹೋಗಿದ್ದರು. ಆಮೇಲೆ ಬಂದ ಸ್ವಯಂಸೇವಕರ ಕೈಗೂ ಎಸ್‌ಎಂಎಲ್‌ಇಯೇ ಬಂತು, ಆದರೆ ಅವರನ್ನು ಪಳಗಿಸಲು ವರ್ಷಗಳಿರಲಿಲ್ಲ. 1915ರಿಂದ ಲೂಯಿಸ್ ಗನ್ ಎಂಬ ಹಗುರ ಮಷಿನ್ ಗನ್‌ಗಳು ಬರತೊಡಗಿ, 1918ರ ಹೊತ್ತಿಗೆ ಬೆಟಾಲಿಯನ್ನಿಗೆ 36 ಆದವು.