ಮೇಲೆ ಬಂದ ಮೀನನ್ನು ಕೆಳಗಿಳಿಸುವ ಕೆಲಸ: ಲಂಗಾರ ದ್ವೀಪದ ಬೇಸಿಗೆ ವರದಿ

ಕೊನೆಗೂ ಮೀನು ಕೆಳಗೇ ಉಳಿಯಿತು. ಒಂದಲ್ಲ, ಆ ಮಧ್ಯಾಹ್ನ ಇಳಿಸಿದ್ದೆಲ್ಲವೂ ಉಳಿದವು. ಇಟ್ಟುಕೊಳ್ಳುವಂತಿಲ್ಲದ ರಾಕ್‌ಫಿಶ್ ಎಂಬ ಬಂಡೆಯ ಮೀನು ಗಾಳಕ್ಕೆ ಸಿಕ್ಕಾಗ ಅದನ್ನು ಮರಳಿ ಆಳಕ್ಕಿಳಿಸುವ, ಹೋದ ಬೇಸಿಗೆಯಿಂದ ನನ್ನ ನಿದ್ದೆ ಕೆಡಿಸಿದ್ದ ಉಪಕರಣ ಈಗ ಹೇಳಿದ ಮಾತು ಕೇಳುತ್ತಿದೆ. ಅದನ್ನು ದಾರಿಗೆ ತಂದ ವಸ್ತುವಿನ ಬೆಲೆಯನ್ನೂ ಗಾಳದ ದಾರ ಸುತ್ತುವ ರೀಲಿಗೆ ಸುರಿದ ದುಡ್ಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.

ಕೆನಡಾದ ಹೈದಾ ಗ್ವಾಯಿ ದ್ವೀಪಸಮೂಹದ ವಾಯವ್ಯ ತುದಿಯಲ್ಲಿರುವ ಲಂಗಾರದ ಸುತ್ತ ಮೀನು ಹಿಡಿದವರಿಗೆ ಅಲ್ಲಿನ ಬೇಸಿಗೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೆಳಕು ರಾತ್ರಿ ಹತ್ತರವರೆಗೂ ಇರುತ್ತದೆ, ಮಂಜು ಕೇಳದೆ ಬರುತ್ತದೆ. ಉತ್ತರಕ್ಕೆ ಡಿಕ್ಸನ್ ಎಂಟ್ರೆನ್ಸ್ ಎಂಬ ಜಲಸಂಧಿ, ಅದರಾಚೆ ಅಲಾಸ್ಕಾ. ಪಶ್ಚಿಮಕ್ಕೆ ತಡೆಯೇ ಇಲ್ಲದ ಪೆಸಿಫಿಕ್. ದೊಡ್ಡ ಭರತದ ದಿನಗಳಲ್ಲಿ ನೀರು ನಾಲ್ಕೈದು ಮೀಟರ್ ಏರಿಳಿಯುತ್ತದೆ. ಉಡುಪಿಯ ಕಡೆ ಎರಡು ಮೀಟರಿನ ಆಸುಪಾಸು ನೋಡಿ ಬೆಳೆದ ನನಗೆ ಇದು ಇನ್ನೂ ಅಭ್ಯಾಸವಾಗಿಲ್ಲ. ಅಷ್ಟೂ ನೀರು ಲಂಗಾರ ಮತ್ತು ಗ್ರಹಾಂ ದ್ವೀಪದ ನಡುವಿನ ಪ್ಯಾರಿ ಪ್ಯಾಸೇಜಿನಲ್ಲಿ ನುಗ್ಗುವಾಗ ಗಾಳ ಹಾಕಿದವನ ಪಾಡು ಅವನಿಗೇ ಪ್ರೀತಿ. ಹೊರಡುವ ಮುನ್ನ ನಾವು ನೋಡುವುದು ಎರಡೇ: 46205 ಸಂಖ್ಯೆಯ ತೇಲುಮಾಪಕದ ಅಲೆಯ ಎತ್ತರ, ಮತ್ತು ಲಂಗಾರ ದೀಪಸ್ತಂಭದ ಪಾಲಕರು ರೇಡಿಯೋದಲ್ಲಿ ಕೊಡುವ ವರದಿ. 1913ರಲ್ಲಿ ಕಟ್ಟಿದ ಆ ದೀಪಸ್ತಂಭದಲ್ಲಿ ಇವತ್ತಿಗೂ ಮನುಷ್ಯರಿದ್ದಾರೆ. ಕಿಟಕಿಯಿಂದ ಸಮುದ್ರವನ್ನು ನೋಡಿ ಹೇಳುವವರ ಮಾತಿನ ಮೇಲೆ ನನಗೆ ಯಾವ ಮೊಬೈಲ್ ನಕ್ಷೆಗಿಂತಲೂ ಹೆಚ್ಚು ನಂಬಿಕೆ.

ಚಿನೂಕ್ ಎಂಬ ದೊಡ್ಡ ಸಾಲ್ಮನ್ ಮೀನಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಚೆನ್ನಾಗಿಯೇ ಸಿಕ್ಕಿತು. ಬಾರ್ಬ್ (ಮೊನೆಯ ಹಿಂಮುಳ್ಳು) ಇಲ್ಲದ ಗಾಳ, ಪರವಾನಗಿಯ ಮೇಲೆ ಸಾಲ್ಮನ್ ಸಂರಕ್ಷಣೆಯ ಮುದ್ರೆ, ಇಟ್ಟುಕೊಂಡ ಕೂಡಲೇ ದಾಖಲೆ: ಇವೆಲ್ಲ ನಿಮಗೆ ಗೊತ್ತಿರುವುದೇ. ಮಿತಿಗಳನ್ನು ಮಾತ್ರ ಹೋದ ವರ್ಷದ ನೆನಪಿನಿಂದ ಲೆಕ್ಕ ಹಾಕಬೇಡಿ. ಮೀನುಗಾರಿಕೆ ಇಲಾಖೆಯ ಪ್ರಕಟಣೆ ಋತುವಿನ ನಡುವೆಯೂ ಬದಲಾಗುತ್ತದೆ; ಇಲ್ಲಿಗೆ ಅನ್ವಯಿಸುವುದು ಒಂದನೇ ಪ್ರದೇಶದ ಪುಟ. ಸಮುದ್ರತಳದ ದೊಡ್ಡ ಚಪ್ಪಟೆ ಮೀನಾದ ಹ್ಯಾಲಿಬಟ್ಟಿನ ಗರಿಷ್ಠ ಉದ್ದವಂತೂ ವರ್ಷದಿಂದ ವರ್ಷಕ್ಕೆ ಜಾರುವ ಸಂಖ್ಯೆ. ದೋಣಿಯ ಅಂಚಿಗೆ ಅಳತೆಪಟ್ಟಿ ಅಂಟಿಸಿಕೊಳ್ಳಿ. ಬೆರಳಗಲ ಹೆಚ್ಚಾದ ಮೀನನ್ನು ವಾಪಸ್ ಬಿಡುವಾಗ ಬರುವ ಬೈಗುಳಕ್ಕೆ ಯಾವ ಮಿತಿಯೂ ಇಲ್ಲ.

ನನ್ನ ತಲೆನೋವು ಹ್ಯಾಲಿಬಟ್ ಅಲ್ಲ, ಹ್ಯಾಲಿಬಟ್ಟಿಗೆಂದು ಇಳಿಸಿದ ಗಾಳಕ್ಕೆ ಬಂದು ಕಚ್ಚುವ ರಾಕ್‌ಫಿಶ್. ಅದರಲ್ಲೂ ಯೆಲ್ಲೋ ಐ. ಕಿತ್ತಳೆ ಮೈ, ಹಳದಿ ಕಣ್ಣು, ನೂರು ವರ್ಷ ದಾಟಿಯೂ ಬದುಕಬಲ್ಲ ಮೀನು. ನಿಧಾನಕ್ಕೆ ಬೆಳೆಯುತ್ತದೆ, ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ, ಒಂದೇ ಬಂಡೆಯ ಆಸುಪಾಸಿನಲ್ಲಿ ಬಾಳು ಕಳೆಯುತ್ತದೆ. ನಾನು ಹುಟ್ಟುವುದಕ್ಕೆ ಮುಂಚಿನಿಂದ ಆ ಬಂಡೆಯಲ್ಲಿ ಸಂಸಾರ ಮಾಡಿಕೊಂಡಿದ್ದ ಅಜ್ಜಿಯನ್ನು ಎರಡು ನಿಮಿಷದಲ್ಲಿ ಮೇಲೆಳೆದು ತರುವುದು ಹೆಮ್ಮೆಯ ಸಂಗತಿಯಲ್ಲ. ಕೆಲವು ವರ್ಷಗಳಿಂದ ಇದನ್ನು ಇಟ್ಟುಕೊಳ್ಳುವಂತೆಯೂ ಇಲ್ಲ.

ಬಿಟ್ಟುಬಿಡೋಣ ಎಂದರೆ ಅದು ಮುಳುಗುವುದಿಲ್ಲ. ರಾಕ್‌ಫಿಶ್ಶಿನ ಗಾಳಿಚೀಲಕ್ಕೆ ಹೊರಬಾಗಿಲಿಲ್ಲ. ನಲವತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಐದು ಪಟ್ಟು. ಅಲ್ಲಿಂದ ಎಳೆದಾಗ ಒಳಗಿನ ಗಾಳಿ ಐದು ಪಟ್ಟು ಹಿಗ್ಗಲು ಹೊರಡುತ್ತದೆ. ಕಣ್ಣು ಹೊರಬರುತ್ತದೆ, ಜಠರ ಬಾಯಿಗೆ ಬರುತ್ತದೆ, ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಲಂಗಾರದ ಸ್ಪ್ರೂಸ್ ಮರಗಳ ಮೇಲಿರುವ ಬಿಳಿತಲೆಯ ಹದ್ದುಗಳಿಗೆ ಇದು ಬಹಳ ಚೆನ್ನಾಗಿ ಗೊತ್ತು. ಚೂಪಾದ ಸೂಜಿಯಿಂದ ಚುಚ್ಚಿ ಗಾಳಿ ತೆಗೆಯುವ ಹಳೆಯ ಪದ್ಧತಿ ಬೇಡ. ಬಾಯಿಂದ ಹೊರಗೆ ಕಾಣುವುದು ಗಾಳಿಚೀಲವಲ್ಲ, ಜಠರ.

ಹಾಗಾಗಿಯೇ 2019ರ ಏಪ್ರಿಲಿನಿಂದ ಬ್ರಿಟಿಷ್ ಕೊಲಂಬಿಯದ ಸಮುದ್ರದಲ್ಲಿ ದೋಣಿಯಿಂದ ಮೀನು ಹಿಡಿಯುವವರಿಗೆ ಪರವಾನಗಿಯ ಷರತ್ತು ಇದೆ: ಇಟ್ಟುಕೊಳ್ಳದ ರಾಕ್‌ಫಿಶ್ಶನ್ನು ಕೂಡಲೇ, ಹಿಡಿದಷ್ಟೇ ಆಳಕ್ಕೆ ಮರಳಿಸಬೇಕು. ಅದಕ್ಕೆಂದೇ ತಯಾರಿಸಿದ ಉಪಕರಣವನ್ನು ಬಳಸಬಹುದು, ಇಲ್ಲವೇ ತಲೆಕೆಳಗಾದ, ಭಾರ ಕಟ್ಟಿದ, ಬಾರ್ಬ್ ಇಲ್ಲದ ಗಾಳವನ್ನು. "ಹಿಡಿದ ಮೀನನ್ನು ಬಿಡುವುದಕ್ಕೆ ಇಷ್ಟು ಖರ್ಚೇ?" ಎಂದು ಅಮ್ಮ ಫೋನಿನಲ್ಲಿ ಕೇಳಿದರು. ಊರಿನಲ್ಲಿ ಆಗ ಮಳೆಗಾಲದ ಟ್ರಾಲ್ ನಿಷೇಧ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ದೋಣಿಗಳು ಬಂದರಿನಲ್ಲೇ ಇರುತ್ತವೆ. ಇಲ್ಲಿ ಅದೇ ತಿಂಗಳುಗಳು ಹಬ್ಬ. ಮೀನಿಗೆ ಬಿಡುವು ಕೊಡುವ ರೀತಿ ಅಲ್ಲಿ ಒಂದು, ಇಲ್ಲಿ ಒಂದು ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ.

ಪೇಟೆಯ ಉಪಕರಣವನ್ನು ಆನ್‌ಲೈನ್‌ನಲ್ಲಿ ತರಿಸಲು ಹೊರಟವನು ನಾನು. ಉತ್ತರದ ಊರುಗಳಿಗೆ ಸಾಮಾನು ಕಳುಹಿಸುವ ಅಂಗಡಿಯವರಿಗೆ ನಮ್ಮ ವಿಳಾಸ ಕಂಡೊಡನೆ ಚಂದ್ರಲೋಕ ನೆನಪಾಗುತ್ತದೆ. ಮೊದಲು ಸಾಗಣೆ ವೆಚ್ಚ ಸಾಮಾನಿನ ಬೆಲೆಯನ್ನು ದಾಟಿತು, ಆಮೇಲೆ ಪೊಟ್ಟಣವೇ ಬರಲಿಲ್ಲ, ಕಡೆಗೆ ಬಂದದ್ದು ಬೇರೆ ಬಣ್ಣದ ಪ್ಲಾಸ್ಟಿಕ್ ಹುಳುಗಳ ಚೀಲ. ಆದ್ದರಿಂದ ಮನೆಯಲ್ಲೇ ಮಾಡಲು ಕುಳಿತೆ. ದೊಡ್ಡ ಗಾಳ, ಅದರ ಕಣ್ಣಿಗೆ ಸೀಸದ ಭಾರ, ಬಾಗಿದ ಭಾಗಕ್ಕೆ ದಾರ. ನೀರಿನಲ್ಲಿ ತೂಗಿದಾಗ ಮೊನೆ ಕೆಳಮುಖವಾಗಿರುತ್ತದೆ. ಮೀನಿನ ಕೆಳದುಟಿಯ ತೆಳು ಚರ್ಮದಲ್ಲಿ ತೂರಿಸಿದರೆ, ಭಾರ ಕೆಳಗೆಳೆಯುತ್ತದೆ, ಉಬ್ಬಿದ ಮೀನು ಮೇಲಕ್ಕೆ ಒತ್ತುತ್ತದೆ, ತುಟಿ ಬಾಗಿನಲ್ಲಿ ಕೂತಿರುತ್ತದೆ. ತಳದಲ್ಲಿ ದಾರವನ್ನು ಒಮ್ಮೆ ಎಳೆದರೆ ಗಾಳ ಮೇಲೇರಿ ತುಟಿ ಜಾರಿಕೊಳ್ಳುತ್ತದೆ. ಕಾಗದದ ಮೇಲೆ ಇಷ್ಟು ಸುಲಭ.

ಕಾಗದದ ಮೇಲೆ ಅಲೆ ಇರುವುದಿಲ್ಲ. ಪಶ್ಚಿಮದಿಂದ ಬರುವ ಉದ್ದನೆಯ ಅಲೆ ದೋಣಿಯನ್ನು ಎತ್ತಿದಾಗಲೆಲ್ಲ ರಾಡಿನ ತುದಿಯೂ ಏರುತ್ತದೆ, ದಾರ ಬಿಗಿಯುತ್ತದೆ, ನಾನು ತಳದಲ್ಲಿ ಕೊಡಬೇಕಾದ ಎಳೆತವನ್ನು ಸಮುದ್ರ ಆರು ಮೀಟರಿನಲ್ಲೇ ಕೊಟ್ಟುಬಿಡುತ್ತದೆ. ಮೀನು ಕಳಚಿಕೊಂಡು ಮೇಲೆ ಬರುತ್ತದೆ, ಹದ್ದು ಇಳಿಯುತ್ತದೆ. ದೋಣಿಯ ಯಜಮಾನರು ಮ್ಯಾಸೆಟ್ಟಿನವರು, ಮಿತಭಾಷಿ. ಆ ಹದ್ದಿಗೆ ನಿಮ್ಮ ಹೆಸರು ಬಾಯಿಪಾಠವಾಗಿದೆ ಎಂದಷ್ಟೇ ಹೇಳಿದರು.

ಭಾರ ಹೆಚ್ಚಿಸಿದೆ. ಅರ್ಧ ಕಿಲೋದಿಂದ 1.3 ಕಿಲೋಗೆ. ಬೇಗ ಇಳಿದರೆ ಅಲೆ ಎತ್ತುವ ಹೊತ್ತಿಗೆ ಆಳದಲ್ಲಿರುತ್ತದೆ ಎಂಬ ಲೆಕ್ಕ. ಇಳಿಯುವುದೇನೋ ಬೇಗ ಇಳಿಯಿತು; ಆದರೆ ಅಷ್ಟು ವೇಗಕ್ಕೆ ರೀಲಿನ ಉರುಳೆ ಹುಚ್ಚೆದ್ದು ಸುತ್ತಿ, ಬ್ರೇಡ್, ಅಂದರೆ ಹೆಣೆದ ದಾರ, ತನ್ನದೇ ಸುತ್ತಿನೊಳಗೆ ಹೂತುಕೊಂಡು, ದಾರ ಥಟ್ಟನೆ ನಿಂತಿತು. ಮೀನು ಮತ್ತೆ ಕಳಚಿತು. ಹೆಬ್ಬೆರಳು ಇಟ್ಟರೆ ಉರುಳೆ ಹದಕ್ಕೆ ಬರುತ್ತದೆ, ಆದರೆ ಹೆಬ್ಬೆರಳು ಇಡುವುದೆಂದರೆ ದಾರವನ್ನು ಬಿಗಿಯುವುದು. ಮುಂದಿನ ಅಲೆಗೆ ಅದೇ ಕಥೆ. ಒಳ್ಳೆಯ ರೀಲ್ ಬೇಕೆಂದು ಅಂಗಡಿಯವರು ಹೇಳಿದರು. ಅಂಗಡಿಯವರು ಇನ್ನೇನು ಹೇಳುತ್ತಾರೆ? ಹೊಸ ರೀಲನ್ನೂ ತಂದದ್ದಾಯಿತು. ಉರುಳೆ ಇನ್ನೂ ನಯವಾಗಿ ಹುಚ್ಚೆದ್ದಿತು.

ಆಮೇಲೆ ದಾರಕ್ಕೂ ಗಾಳಕ್ಕೂ ನಡುವೆ ಒಂದು ಮೊಳ ರಬ್ಬರ್ ಹುರಿ ಹಾಕಿದೆ. ಅಲೆಯ ಎಳೆತವನ್ನೆಲ್ಲ ರಬ್ಬರ್ ನುಂಗಿತು, ಮೀನು ತಳ ಮುಟ್ಟಿತು. ಅಲ್ಲಿ ನಾನು ಎಳೆದ ಎಳೆತವನ್ನೂ ರಬ್ಬರ್ ಅಷ್ಟೇ ನಿಷ್ಠೆಯಿಂದ ನುಂಗಿತು. ಎಷ್ಟು ಎಳೆದರೂ ಬಿಡಲಿಲ್ಲ. ಮೆಲ್ಲಗೆ ಸುತ್ತಿ ತೆಗೆದರೆ ಅದೇ ಯೆಲ್ಲೋ ಐ ಮತ್ತೆ ಮೇಲೆ. ಎರಡನೆಯ ಸಲ ಅದರ ಮುಖ ನೋಡುವುದು ನಾಚಿಕೆಯ ವಿಷಯ. ರಬ್ಬರನ್ನು ಕಿತ್ತೆಸೆದು ಮತ್ತೆ ಇಳಿಸಿದೆ. ಪುಣ್ಯಕ್ಕೆ ಆಗ ನೀರು ನಿಂತಿತ್ತು.

ಇಲ್ಲೊಂದು ಅಡ್ಡಮಾತು. ಮಂಜಿನಿಂದಾಗಿ ಹೆನ್ಸ್‌ಲಂಗ್ ಕೋವ್ ಎಂಬ ಸಣ್ಣ ಕೊಲ್ಲಿಯಲ್ಲಿ ಕುಳಿತಿದ್ದಾಗ, ಚಿನೂಕಿಗೆ ಎರೆಯಾಗಿಸುವ ಹೆರಿಂಗ್ ಮೀನಿನ ತಲೆ ಕತ್ತರಿಸಲು ಮರದ ಅಚ್ಚೊಂದರ ನಕ್ಷೆ ಹಾಕಿದೆ. ಬೆನ್ನಿನಿಂದ ಹೊಟ್ಟೆಗೆ ಓರೆ, ಪಕ್ಕದಿಂದ ಪಕ್ಕಕ್ಕೆ ಇನ್ನೊಂದು ಓರೆ, ಎರಡೂ ಪ್ರತಿ ಸಲ ಒಂದೇ ಕೋನದಲ್ಲಿ ಬಂದರೆ ಮಾತ್ರ ಹೆರಿಂಗ್ ನೀರಿನಲ್ಲಿ ಬಿಗಿಯಾಗಿ ಉರುಳುತ್ತದೆ, ಚಿನೂಕ್ ತಿರುಗಿ ನೋಡುತ್ತದೆ. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಅಚ್ಚು ಮಧ್ಯಮ ಗಾತ್ರದ ಹೆರಿಂಗಿಗೆ ಮಾತ್ರ. ಸೀಡರ್ ಮರದ ತುಂಡು ಶೆಡ್ಡಿನಲ್ಲಿ ಒಣಗುತ್ತಿದೆ. ಅಯೋಡಿನ್ ಇಲ್ಲದ ಕಲ್ಲುಪ್ಪಿನ ನೀರಿನಲ್ಲಿ ಹೆರಿಂಗನ್ನು ಎಷ್ಟು ಹೊತ್ತು ಇಡಬೇಕೆಂಬ ಜಗಳ ಬೇರೆಯದೇ. ಚಳಿಗಾಲಕ್ಕೆ ಅದೇ ಕೆಲಸ.

ಮತ್ತೆ ಗಾಳಕ್ಕೆ. ನಿಂತ ನೀರಿನಲ್ಲಿ ಆ ಮೀನು ಸಲೀಸಾಗಿ ಇಳಿದದ್ದೇ ಸುಳಿವು ಕೊಟ್ಟಿತು. ಭಾರ ಬೀಳುವುದಕ್ಕಿಂತ ಬೇಗ ದಾರ ಸಿಗಬೇಕು. ದಾರ ಸಡಿಲವಾಗಿರುವಷ್ಟು ಹೊತ್ತು ದೋಣಿ ಏರಿದರೇನು, ಇಳಿದರೇನು? ಉರುಳೆಯಿಂದ ಬಿಚ್ಚಿಕೊಳ್ಳುವ ದಾರ ಎಂದಿಗೂ ಪೂರ್ತಿ ಸಡಿಲವಲ್ಲ. ನಮ್ಮ ಕಡೆ ಬೇಪಿನ, ಅಂದರೆ ಸಾಲುಗಾಳದ, ಹಗ್ಗವನ್ನು ಬುಟ್ಟಿಯೊಳಗೆ ಸುರುಳಿ ಸುರುಳಿಯಾಗಿ ಮಡಚಿಟ್ಟು, ದೋಣಿ ಓಡುತ್ತಿರುವಾಗಲೇ ಬಿಡುತ್ತಾರೆ. ಅದಕ್ಕೆ ರೀಲ್ ಇಲ್ಲ, ಉರುಳೆ ಇಲ್ಲ. ಕೈಯಲ್ಲಿದ್ದದ್ದು ದೋಣಿಯ ನೀರು ಬಳಿಯುವ ಪ್ಲಾಸ್ಟಿಕ್ ಬಕೆಟ್. ಹೆಣೆದ ನೈಲಾನ್ ಹುರಿಯನ್ನು ಅದರೊಳಗೆ ಮಡಚಿಟ್ಟೆ, ಹತ್ತು ಮೀಟರಿಗೊಂದು ಕೆಂಪು ದಾರದ ಗುರುತು ಹಾಕಿದೆ. ಮೊದಲು ಮೂರ್ನಾಲ್ಕು ಮೀಟರ್ ಹುರಿಯನ್ನು ನೀರಿನ ಮೇಲೆ ಎಸೆದು, ಆಮೇಲೆ ಮೀನನ್ನು ಬಿಟ್ಟು, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ಹುರಿ ತಾನಾಗಿ ಹರಿಯಿತು. ಗುರುತುಗಳು ಒಂದೊಂದಾಗಿ ಹೋದವು. ತಳ ಮುಟ್ಟಿ ಹುರಿ ನಿಂತಿತು. ಒಮ್ಮೆ ಜೋರಾಗಿ ಎಳೆದೆ. ಕೈಗೆ ಬರೀ ಸೀಸದ ತೂಕ ಸಿಕ್ಕಿತು.

ಕಾದೆವು. ನೀರಿನ ಮೇಲೆ ಏನೂ ಬರಲಿಲ್ಲ. ಯಜಮಾನರು ದುರ್ಬೀನು ಹಿಡಿದು ಸೆಳೆತದ ದಿಕ್ಕಿನುದ್ದಕ್ಕೂ ನೋಡಿದರು. ಮುಂದಿನದ್ದಕ್ಕೂ ಹಾಗೆಯೇ, ಅದರ ಮುಂದಿನದ್ದಕ್ಕೂ ಹಾಗೆಯೇ. ಹದ್ದು ಹೊಟ್ಟೆಪಾಡಿಗೆ ಬೇರೆ ದೋಣಿ ನೋಡಿಕೊಂಡಿತು.

ಮಾಡಲು ಹೊರಟವರಿಗೆ ಎರಡು ಮಾತು. ಬಾರ್ಬ್ ಇಲ್ಲದ್ದು ಎಂದು ಬರೆದ ಪೊಟ್ಟಣದ ಗಾಳಗಳನ್ನು ಉಗುರಿನಿಂದ ಸವರಿ ನೋಡಿ. ನನಗೆ ಬಂದವುಗಳಲ್ಲಿ ಅರ್ಧಕ್ಕೆ ಒತ್ತಿದ ಬಾರ್ಬಿನ ಉಬ್ಬು ಉಳಿದಿತ್ತು, ಅಷ್ಟೇ ಸಾಕು ತುಟಿ ಸಿಕ್ಕಿಕೊಳ್ಳಲು. ಅರದಿಂದ ಪೂರ್ತಿ ಉಜ್ಜಿ. ಬಕೆಟ್ಟನ್ನು ಮೊದಲ ಗಾಳ ನೀರಿಗಿಳಿಯುವ ಮುಂಚೆಯೇ ಸಿದ್ಧವಾಗಿಡಿ, ಮೀನು ಬಂದ ಮೇಲೆ ಹುಡುಕುವಂತಿರಬಾರದು. ಒಂದೇ ಜಾಗದಲ್ಲಿ ರಾಕ್‌ಫಿಶ್ ಮೇಲಿಂದ ಮೇಲೆ ಕಚ್ಚಿದರೆ ನೀವಿರುವುದು ಬಂಡೆಯ ಮೇಲೆ. ಹ್ಯಾಲಿಬಟ್ ಇರುವ ಮರಳು, ಜಲ್ಲಿಕಲ್ಲಿನ ತಳ ಹುಡುಕಿಕೊಂಡು ಅಲ್ಲಿಂದ ಎದ್ದುಹೋಗಿ. ಇಳಿಸುವ ಉಪಕರಣ ಇದೆಯೆಂದು ಅಲ್ಲೇ ಕೂರುವವರನ್ನು ಕಂಡಿದ್ದೇನೆ, ನನಗೆ ಅದು ಸರಿ ಕಾಣುವುದಿಲ್ಲ. ರಾಕ್‌ಫಿಶ್ ಸಂರಕ್ಷಣಾ ವಲಯಗಳ ಗಡಿಯನ್ನು ಜಿಪಿಎಸ್‌ನಲ್ಲಿ ಮೊದಲೇ ತುಂಬಿಕೊಳ್ಳಿ. ಅವುಗಳ ಒಳಗೆ ಗಾಳವೇ ಇಳಿಯುವಂತಿಲ್ಲ.

ಬಾಕಿ ಉಳಿದ ತೊಂದರೆಗಳು: ಗಾಳಿ ಜೋರಾದಾಗ ಬಕೆಟ್ಟಿನ ಹುರಿ ಗೋಜಲಾಗುತ್ತದೆ, ಅರವತ್ತು ಮೀಟರ್ ದಾಟಿದರೆ 1.3 ಕಿಲೋ ಸೀಸವನ್ನು ಕೈಯಿಂದ ಎತ್ತುವಷ್ಟರಲ್ಲಿ ಭುಜ ಬಿದ್ದುಹೋಗುತ್ತದೆ. ಮೀನು ಮೇಲೆ ಬರಲಿಲ್ಲ ಎಂಬುದು ಗೊತ್ತು, ಕೆಳಗೆ ನೆಟ್ಟಗೆ ಈಜಿಹೋಯಿತೇ ಎಂಬುದನ್ನು ಕಣ್ಣಿಂದ ನೋಡಿಲ್ಲ. ಅದಕ್ಕೆ ಹುರಿಗೆ ಸಣ್ಣ ಕ್ಯಾಮೆರಾ ಕಟ್ಟುವ ಯೋಚನೆ ಇದೆ. ಒತ್ತಡ ತಡೆಯುವ ಡಬ್ಬಿಗೆ ಬೆಲೆ ಕೇಳಿದ್ದೇನೆ. ಈ ಸಲ ಸಾಗಣೆ ವೆಚ್ಚವನ್ನು ಮೊದಲು ಹೇಳಿ ಎಂದು ಬರೆದ ಮೇಲೆ ಅಂಗಡಿಯವರಿಂದ ಉತ್ತರವೇ ಇಲ್ಲ.