ಬಿ.ಎ. ಓದಿಸಲು ಹೆದರಬೇಕಿಲ್ಲ, ಎಂ.ಎ. ಆದ ಮೇಲಿನ ವರ್ಷಗಳನ್ನು ಲೆಕ್ಕ ಹಾಕಿ

ದ್ವಿತೀಯ ಪಿಯು ಫಲಿತಾಂಶ ಬಂದ ಮೇಲೆ, ಕನ್ನಡವನ್ನೋ ಇತಿಹಾಸವನ್ನೋ ಓದುತ್ತೇನೆಂದು ಹಟ ಹಿಡಿದ ಮಕ್ಕಳಿರುವ ಮನೆಗಳಿಂದ ನನಗೆ ಕರೆ ಬರುವುದುಂಟು; ಇತಿಹಾಸದಲ್ಲಿ ಎಂ.ಎ. ಮಾಡಿಯೂ ಬದುಕಿಕೊಂಡಿರುವವನು ಎಂಬುದೇ ಅದಕ್ಕೆ ಕಾರಣವಿರಬೇಕು. ಓದಿದ ಮೇಲೆ ಎಷ್ಟು ಸಂಬಳ ಬರುತ್ತದೆ ಎಂದು ತಂದೆತಾಯಿ ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ವಿದ್ಯೆಗೆ ಬೆಲೆ ಕಟ್ಟಲಾಗದೆಂದು ಹೇಳಿ ಆ ಪ್ರಶ್ನೆಯನ್ನು ತಳ್ಳಿಹಾಕುವವರು ಬಹುಮಟ್ಟಿಗೆ ಖಾಯಂ ಸಂಬಳವಿರುವವರೇ ಆಗಿರುತ್ತಾರೆ.

ನನ್ನ ಅಭಿಪ್ರಾಯದಲ್ಲಿ ನಷ್ಟವಿರುವುದು ಬಿ.ಎ.ಯಲ್ಲಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಮೂರು ವರ್ಷ ಓದಲು ಮನೆಯವರು ಸಾಲ ಮಾಡಬೇಕಾಗಿಲ್ಲ. ಅದೇ ಊರಿನ ಇನ್ನೊಬ್ಬ ಹುಡುಗ ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಸುರಿದು ಎಂಜಿನಿಯರಿಂಗ್ ಮುಗಿಸಿದರೂ, ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ವಾರ್ಷಿಕ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೂರು–ನಾಲ್ಕು ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಮುಂದೆ ಅವನ ಸಂಬಳ ಏರುವ ಸಾಧ್ಯತೆ ಹೆಚ್ಚು ಎಂಬುದು ನಿಜ. ಆದರೆ ಸಾಲವಿಲ್ಲದ ಪದವಿಯೊಂದಿಗೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಹೊರಬಂದವರಿಗೆ ಬಿ.ಎಡ್., ಕಾನೂನು, ಪತ್ರಿಕೋದ್ಯಮ, ಬ್ಯಾಂಕ್ ಪರೀಕ್ಷೆ, ಎಫ್‌ಡಿಎ–ಎಸ್‌ಡಿಎ ಪರೀಕ್ಷೆ ಇವೆಲ್ಲ ತೆರೆದೇ ಇರುತ್ತವೆ.

ಕಷ್ಟ ಶುರುವಾಗುವುದು ಎಂ.ಎ. ಮುಗಿದ ಮೇಲೆ, ಏಕೆಂದರೆ ಅಷ್ಟು ಹೊತ್ತಿಗೆ ವಿದ್ಯಾರ್ಥಿಯ ಕಣ್ಣೆದುರು ಉಳಿದಿರುವುದು ಕಾಲೇಜು ಉಪನ್ಯಾಸಕನ ಹುದ್ದೆಯೊಂದೇ. ಆ ಹುದ್ದೆ ಸಿಕ್ಕಿದರೆ ಯುಜಿಸಿ ವೇತನಶ್ರೇಣಿಯಲ್ಲಿ ಮೂಲವೇತನ 57,700 ರೂಪಾಯಿಯಿಂದ ಆರಂಭವಾಗುತ್ತದೆ, ಆದ್ದರಿಂದ ಅದನ್ನು ಕಡಿಮೆ ಸಂಬಳದ ಕೆಲಸವೆನ್ನಲು ಬರುವುದಿಲ್ಲ. ಆದರೆ ಅದು ಸಿಗುವುದು ಯಾವಾಗ? 2021ರಲ್ಲಿ ರಾಜ್ಯದ ಪ್ರಥಮ ದರ್ಜೆ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆದರು, 2022ರ ಮಾರ್ಚಿನಲ್ಲಿ ಪರೀಕ್ಷೆ ನಡೆಯಿತು, ನೇಮಕಾತಿ ಆದೇಶ ಕೈಗೆ ಬರುವ ಹೊತ್ತಿಗೆ ಮತ್ತೆ ವರ್ಷಗಳೇ ಉರುಳಿದ್ದವು. ಇದೇ ಕಾಲೇಜುಗಳಲ್ಲಿ ಪಾಠ ನಡೆಸುತ್ತಿರುವ ಅತಿಥಿ ಉಪನ್ಯಾಸಕರ ಸಂಖ್ಯೆ ಹತ್ತು ಸಾವಿರವನ್ನು ಮೀರುತ್ತದೆ.

ನನ್ನ ಸಹಪಾಠಿಯೊಬ್ಬ ಆ ಹತ್ತು ಸಾವಿರದಲ್ಲಿ ಒಬ್ಬ. ಎರಡು ಬಸ್ಸು ಬದಲಾಯಿಸಿ ತಾಲೂಕು ಕೇಂದ್ರದ ಕಾಲೇಜಿಗೆ ಹೋಗುತ್ತಾನೆ. ಖಾಯಂ ಅಧ್ಯಾಪಕರು ಕಲಿಸುವ ಪಠ್ಯವನ್ನೇ ಕಲಿಸುತ್ತಾನೆ, ಅವರು ತಿದ್ದುವಂಥ ಉತ್ತರಪತ್ರಿಕೆಗಳನ್ನೇ ತಿದ್ದುತ್ತಾನೆ. ಶೈಕ್ಷಣಿಕ ವರ್ಷ ಮುಗಿದೊಡನೆ ಕೆಲಸವೂ ಮುಗಿಯುತ್ತದೆ. ಮುಂದಿನ ವರ್ಷ ಮತ್ತೆ ಆನ್‌ಲೈನ್ ಅರ್ಜಿ, ಮೆರಿಟ್ ಪಟ್ಟಿಯಲ್ಲಿ ಹೆಸರು ಹುಡುಕುವುದು, ಕೌನ್ಸೆಲಿಂಗ್. ಮೊದಲು ತಿಂಗಳಿಗೆ 11,000ದಿಂದ 13,000 ರೂಪಾಯಿ ಇದ್ದ ಗೌರವಧನವನ್ನು 2022ರ ಜನವರಿಯಲ್ಲಿ ಸರ್ಕಾರ ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ 26,000ದಿಂದ 32,000ಕ್ಕೆ ಏರಿಸಿತು. ಜೊತೆಗೇ ವಾರದ ಬೋಧನಾವಧಿಯನ್ನು 15 ಗಂಟೆಗೆ ಏರಿಸಿದ್ದರಿಂದ, ಇಬ್ಬರ ಪಾಠ ಒಬ್ಬನ ಪಾಲಾಗಿ ಎಷ್ಟೋ ಮಂದಿ ಹೊರಗುಳಿದರು. (ಏರಿಕೆಯ ಸುದ್ದಿಗೆ ದೊಡ್ಡ ತಲೆಬರಹ ಸಿಕ್ಕಿತು, ಹೊರಗುಳಿದವರಿಗೆ ಅಷ್ಟು ಜಾಗ ಸಿಗಲಿಲ್ಲ.) 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಧರಣಿ ಕುಳಿತದ್ದು ಮುಖ್ಯವಾಗಿ ಸೇವಾ ಭದ್ರತೆಗಾಗಿ. ಇತಿಹಾಸಕ್ಕೆ ಬೆಲೆಯಿಲ್ಲದ್ದರಿಂದ ನನ್ನ ಸಹಪಾಠಿಯ ಸಂಬಳ ಕಡಿಮೆಯಾಗಿದೆಯೆಂದು ನಾನು ಒಪ್ಪುವುದಿಲ್ಲ. ಖಾಯಂ ಹುದ್ದೆಯ ಕೆಲಸವನ್ನು ವರ್ಷದ ಲೆಕ್ಕದಲ್ಲಿ ಮಾಡಿಸಿಕೊಳ್ಳುವ ಪದ್ಧತಿಯಿಂದ ಅದು ಕಡಿಮೆಯಾಗಿದೆ.

ನಮ್ಮ ತರಗತಿಯ ಇನ್ನೊಬ್ಬ ಗೆಳೆಯ ಎಂ.ಎ. ಓದುವಾಗಲೇ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಕಲಿತ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ವಿಜಯಪುರದ ಕಡೆ ಹಳೆಯ ಜಮೀನಿನ ದಾಖಲೆಗಳಲ್ಲಿ ಅನೇಕವು ಆ ಲಿಪಿಯಲ್ಲಿವೆ, ಓದಬಲ್ಲವರು ತೀರ ಕಡಿಮೆ. ಪಾಲು ವಿಭಾಗದ ದಾವೆ ಹಿಡಿದ ವಕೀಲರು ಅಂಚು ಪುಡಿಯಾದ ಕಾಗದದ ಜೆರಾಕ್ಸ್ ತಂದು ಅವನ ಮುಂದಿಡುತ್ತಾರೆ. ಎಡೆಬಿಡದೆ ಒಂದಕ್ಕೊಂದು ಹೆಣೆದುಕೊಂಡ ಅಕ್ಷರಗಳನ್ನು ಬಿಡಿಸಿ, ಗಡಿಗಳನ್ನೂ ಸಾಕ್ಷಿಗಳ ಹೆಸರುಗಳನ್ನೂ ಅವನು ಕನ್ನಡದಲ್ಲಿ ಬರೆದುಕೊಡುತ್ತಾನೆ. ಶ್ರೀಮಂತನಾಗಿಲ್ಲ, ಆದರೆ ಮೆರಿಟ್ ಪಟ್ಟಿಗೆ ಕಾಯುತ್ತಲೂ ಇಲ್ಲ. ಭಾಷಾಂತರ, ಉಪಶೀರ್ಷಿಕೆ, ಪಠ್ಯಪುಸ್ತಕ ಸಂಪಾದನೆಗಳಲ್ಲಿಯೂ ಒಳ್ಳೆಯ ಕನ್ನಡ ಬರೆಯಬಲ್ಲವರನ್ನು ಹುಡುಕುತ್ತಿರುತ್ತಾರೆ, ಆದರೆ ನಮ್ಮ ವಿಭಾಗಗಳಲ್ಲಿ ಅದನ್ನು ಯಾರೂ ಹೇಳಿಕೊಡುವುದಿಲ್ಲ.

ಹಾಗಾಗಿ ಮನೆಯವರಿಗೆ ನಾನು ಹೇಳುವುದು ಇಷ್ಟು: ಬಿ.ಎ.ಗೆ ಸೇರಿಸಿ, ಅದರ ಜೊತೆ ಇಂಗ್ಲಿಷ್ ಓದುಬರಹವನ್ನೂ ಕಂಪ್ಯೂಟರ್ ಕೆಲಸವನ್ನೂ ಗಟ್ಟಿಮಾಡಿಸಿ. ಮನೆ ನಡೆಯುವುದು ಈ ಮಗುವಿನ ದುಡಿಮೆಯಿಂದಲೇ ಎಂದಿದ್ದರೆ ಬಿ.ಎಡ್. ಮುಗಿಸಿಕೊಂಡು ಆಮೇಲೆ ಎಂ.ಎ. ಯೋಚಿಸುವುದು ಮೇಲು, ಪಿಯು ಉಪನ್ಯಾಸಕರ ಹುದ್ದೆಗೆ ಹೇಗೂ ಎರಡೂ ಬೇಕು. ನೇರವಾಗಿ ಎಂ.ಎ.ಗೆ ಹೋಗುವವರು ಕೊನೆಯ ವರ್ಷದಲ್ಲೇ ಕಾಲೇಜು ಅಧ್ಯಾಪಕರಾಗಲು ಇರುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಬರೆಯಬಹುದು. ಅದರಲ್ಲಿ ಜೆಆರ್‌ಎಫ್ ಎಂಬ ಫೆಲೋಶಿಪ್ ಸಿಕ್ಕಿದರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಆದರೆ ಅದಕ್ಕೆ ವಯೋಮಿತಿ ಸಾಮಾನ್ಯ ವರ್ಗದವರಿಗೆ 30 ವರ್ಷ. ಎಂ.ಎ. ಆದ ಎರಡು ವರ್ಷಗಳೊಳಗೆ ನೆಟ್ ಆಗಲಿ ರಾಜ್ಯಮಟ್ಟದ ಅಂಥದೇ ಪರೀಕ್ಷೆಯಾದ ಕೆಸೆಟ್ ಆಗಲಿ ಕೈಗೆ ಬಾರದಿದ್ದರೆ, ಮೂರನೆಯ ವರ್ಷದ ಅತಿಥಿ ಉಪನ್ಯಾಸಕರ ಅರ್ಜಿ ತುಂಬುವ ಮೊದಲು ಬೇರೆ ಕೆಲಸ ಹುಡುಕಲು ಹೇಳುತ್ತೇನೆ. ಈ ಮಾತಿಗೆ ನನ್ನ ಸಹಪಾಠಿ ಇಂದಿಗೂ ನನ್ನೊಡನೆ ಜಗಳವಾಡುತ್ತಾನೆ.