ಆಟಿ ತಿಂಗಳಲ್ಲಿ ಒಣಗದ ಸೆನ್ಸರ್‌ಗಳು

ಮಂಗಳೂರು ಕಡೆಯ ಒಂದು ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗದಲ್ಲಿ, ಅಂದರೆ ಚಿಕಿತ್ಸೆಯ ಯಂತ್ರಗಳನ್ನು ನೋಡಿಕೊಳ್ಳುವ ಕಡೆ, ನನಗೆ ಕೆಲಸ. ಮಳೆಗಾಲ ಬಂತೆಂದರೆ ಐಸಿಯುವಿನಿಂದ ಫೋನ್ ಜಾಸ್ತಿ. ಎಲ್ಲರದೂ ಒಂದೇ ದೂರು, "ವೆಂಟಿಲೇಟರ್‌ನ ಫ್ಲೋ ಸೆನ್ಸರ್ ಹೋಗಿದೆ." ಉಸಿರಾಟದ ಯಂತ್ರದಲ್ಲಿ ಗಾಳಿಯ ಹರಿವು (ಫ್ಲೋ) ಅಳೆಯುವ ಭಾಗ ಅದು. ಹೋಗಿ ನೋಡಿದರೆ ಹೆಚ್ಚಿನ ಸಲ ಅದು ಹೋಗಿರುವುದಿಲ್ಲ, ಒದ್ದೆಯಾಗಿರುತ್ತದೆ ಅಷ್ಟೆ.

ಕಳೆದ ಆಟಿಯಲ್ಲಿ, ಅಂದರೆ ತುಳುನಾಡಿನ ಜೋರು ಮಳೆಯ ತಿಂಗಳಲ್ಲಿ, ಒಂದು ದಿನ ಹೀಗೇ ಆಯಿತು. ತಿಂಗಳ ತಪಾಸಣೆಗೆಂದು ಬೆಳಿಗ್ಗೆಯೇ ಐಸಿಯುಗೆ ಹೋಗಿದ್ದೆ. ಬಾಗಿಲಲ್ಲೇ ಸಿಸ್ಟರ್ ಹಿಡಿದರು. "ಬನ್ನಿ ಮಾರಾಯ್ರೇ, ಇದು ರಾತ್ರಿಯಿಂದ ಕೂಗ್ತಾ ಉಂಟು. ಅಲಾರ್ಮ್ ಆಫ್ ಮಾಡಿ ಮಾಡಿ ಸಾಕಾಯ್ತು."

ಸ್ಕ್ರೀನ್ ನೋಡಿದೆ. ಉಸಿರಾಟದ ದರ ನಿಮಿಷಕ್ಕೆ 14ಕ್ಕೆ ಸೆಟ್ ಮಾಡಿದ್ದರು, ಯಂತ್ರ 28 ತೋರಿಸುತ್ತಿತ್ತು. ರೋಗಿ ನಿದ್ದೆಯ ಔಷಧದಲ್ಲಿದ್ದರು, ತಾವಾಗಿ ಉಸಿರೆಳೆಯುತ್ತಿರಲಿಲ್ಲ. ಒಳಗೆ ಕಳಿಸಿದ್ದು 450 ಮಿಲಿಲೀಟರ್, ವಾಪಸ್ ಬಂದಿದ್ದು 600 ಎಂದು ಲೆಕ್ಕ ಬೇರೆ. ಕೊಟ್ಟದ್ದಕ್ಕಿಂತ ಜಾಸ್ತಿ ವಾಪಸ್ ಬರುವುದು ಹೇಗೆ? ಫ್ಲೋ ಗೆರೆ ನೋಡಿದರೆ ಗರಗಸದ ಹಲ್ಲಿನ ಹಾಗೆ ನಡುಗುತ್ತಿತ್ತು. ಆ ಗೆರೆ ಕಂಡರೆ ಮೊದಲು ಟ್ಯೂಬ್ ಮುಟ್ಟಿ ನೋಡಬೇಕು. ಎತ್ತಿದೆ, ಒಳಗೆ ಗುಳುಗುಳು ಸದ್ದು. ನೀರು ಅತ್ತಿತ್ತ ಹೊಯ್ದಾಡಿದಾಗಲೆಲ್ಲ ಗಾಳಿಯೂ ಅಲ್ಲಾಡುತ್ತದೆ. ರೋಗಿಯೇ ಉಸಿರೆಳೆಯಲು ಹೊರಟಿದ್ದಾರೆ ಎಂದುಕೊಂಡು ಯಂತ್ರ ಇನ್ನೊಂದು ಉಸಿರು ಕೊಟ್ಟುಬಿಡುತ್ತದೆ.

"ಎಂಥ ಮಳೆ ಅಲ್ವಾ, ತೇವ ಒಳಗೇ ಹೋಗಿದೆ" ಎಂದರು ಸಿಸ್ಟರ್. ಎಲ್ಲರೂ ಹೀಗೇ ಹೇಳುತ್ತಾರೆ. ಆದರೆ ಟ್ಯೂಬಿನ ಒಳಗಿನ ನೀರಿಗೆ ಮಳೆ ಕಾರಣವಲ್ಲ. ಶ್ವಾಸಕೋಶ ಒಣಗಬಾರದೆಂದು ನಾವೇ ಹ್ಯುಮಿಡಿಫೈಯರ್ ಇಟ್ಟು ಗಾಳಿಗೆ ತೇವ ಕೊಡುತ್ತೇವೆ. 37 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಒಂದು ಲೀಟರ್ ಗಾಳಿಯಲ್ಲಿ 44 ಮಿಲಿಗ್ರಾಂ ನೀರಿರುತ್ತದೆ. ನಿಮಿಷಕ್ಕೆ 8 ಲೀಟರ್ ಗಾಳಿ ಎಂದರೂ ದಿನಕ್ಕೆ ಸುಮಾರು ಅರ್ಧ ಲೀಟರ್ ನೀರು ಆ ಟ್ಯೂಬ್‌ಗಳಲ್ಲಿ ಓಡಾಡುತ್ತದೆ. ಮೇಲಿನಿಂದ ಎಸಿಯ ತಣ್ಣಗಿನ ಗಾಳಿ ನೇರ ಬಿದ್ದರೆ ಅದರಲ್ಲಿ ಒಂದಷ್ಟು ಅಲ್ಲೇ ಹನಿಯಾಗುತ್ತದೆ. ಆ ಹಾಸಿಗೆ ಇದ್ದದ್ದು ಎಸಿಯ ಬಾಯಿಯ ಕೆಳಗೇ. ಹೊರಹೋಗುವ ಗಾಳಿಯದ್ದು ಹೀಟರ್ ವೈರ್ ಇಲ್ಲದ ಸಾದಾ ಟ್ಯೂಬ್. ನೀರು ಸೇರಬೇಕಾದ ವಾಟರ್ ಟ್ರ್ಯಾಪ್ ಹಾಸಿಗೆಯ ಕಂಬಿಗೆ ಸಿಕ್ಕಿಕೊಂಡು ಮೇಲೆ ನಿಂತಿತ್ತು. ಅದು ಎಲ್ಲಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಇದ್ದೂ ಇಲ್ಲದ ಲೆಕ್ಕ.

ಡ್ಯೂಟಿ ಡಾಕ್ಟರ್ ಪಕ್ಕದಲ್ಲಿ ನಿಂತರು. ಸಿಸ್ಟರ್ ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಹಿಡಿದು ತಯಾರಾದರು. ನೀರನ್ನು ರೋಗಿಯ ಕಡೆಗೂ ಹ್ಯುಮಿಡಿಫೈಯರ್ ಕಡೆಗೂ ಹೋಗದ ಹಾಗೆ ಟ್ರ್ಯಾಪ್‌ಗೆ ಇಳಿಸಿದೆವು. ಒದ್ದೆಯಾಗಿದ್ದ ಫಿಲ್ಟರ್ ಬದಲಾಯಿಸಿ, ಒಣಗಿದ ಸೆನ್ಸರ್ ಹಾಕಿ, ಅಳತೆ ಸರಿಹೊಂದಿಸಲು ಕ್ಯಾಲಿಬ್ರೇಶನ್ ಕೊಟ್ಟೆ. ದರ 14ಕ್ಕೆ ಬಂತು.

ತೆಗೆದ ಸೆನ್ಸರನ್ನು ಬೆಳಕಿಗೆ ಹಿಡಿದು ನಮ್ಮ ಟ್ರೈನಿ ಹುಡುಗನಿಗೆ ತೋರಿಸಿದೆ. ಒಳಗೆ ಅಡ್ಡಕ್ಕೆ ಪ್ಲಾಟಿನಂ ತಂತಿ, ಕಣ್ಣಿಗೆ ಕಾಣುವುದೇ ಕಷ್ಟ. ಅದರಲ್ಲಿ ಒಂದು ಹನಿ ನೇತಾಡುತ್ತಿತ್ತು. ಯಂತ್ರ ಈ ತಂತಿಯನ್ನು ಒಂದೇ ಬಿಸಿಯಲ್ಲಿ ಇಡುತ್ತದೆ. ಗಾಳಿ ಹಾದಾಗ ತಂತಿ ತಣಿಯುತ್ತದೆ, ಮತ್ತೆ ಬಿಸಿ ಮಾಡಲು ಎಷ್ಟು ಕರೆಂಟ್ ಬೇಕಾಯಿತು ಎಂಬುದರಿಂದ ಫ್ಲೋ ಲೆಕ್ಕ ಹಾಕುತ್ತದೆ. ನೀರು ಗಾಳಿಗಿಂತ ಬಹಳ ಜಾಸ್ತಿ ಶಾಖ ಎಳೆದುಕೊಳ್ಳುತ್ತದೆ. ಪಾಪ, 600 ಎಂಬ ಸುಳ್ಳು ಲೆಕ್ಕ ಬಂದದ್ದು ಹೀಗೆ.

"ಸರ್, ಏರ್ ಗನ್‌ನಲ್ಲಿ ಒಮ್ಮೆ ಊದಿದ್ರೆ ಆಯ್ತಲ್ವಾ?" ಎಂದ ಹುಡುಗ. ಊದಿದರೆ ನೀರಿನ ಜೊತೆ ತಂತಿಯೂ ಹೋಗುತ್ತದೆ. ಬ್ರಶ್, ಹೇರ್ ಡ್ರೈಯರ್, ಬಿಸಿ ಹಬೆಯ ಆಟೋಕ್ಲೇವ್ ಯಾವುದೂ ಬೇಡ. ನಮ್ಮಲ್ಲಿರುವ ಮಾದರಿಯನ್ನು 70% ಆಲ್ಕೋಹಾಲ್‌ನಲ್ಲಿ ಒಂದು ಗಂಟೆ ನೆನೆಸಬೇಕು. ಆಮೇಲೆ ಕಡಿಮೆ ಎಂದರೆ ಅರ್ಧ ಗಂಟೆ ಗಾಳಿಗೆ ಒಣಗಿಸಬೇಕು. ಆಲ್ಕೋಹಾಲ್ ಆವಿ ಉಳಿದಿರುವಾಗಲೇ ಯಂತ್ರಕ್ಕೆ ಹಾಕಿದರೆ ಬಿಸಿ ತಂತಿಯಿಂದ ಅದಕ್ಕೆ ಬೆಂಕಿ ಹತ್ತಬಹುದು, ಸುಮ್ನೆ ಹೇಳುವ ಮಾತಲ್ಲ.

ಮಳೆಯ ತಪ್ಪಿರುವುದು ಇಲ್ಲಿ. ಬಟ್ಟೆಯೇ ಒಣಗದ ತಿಂಗಳಲ್ಲಿ ನಮ್ಮ ವರ್ಕ್‌ಶಾಪಿನ ಕಪಾಟಿನಲ್ಲಿ ಅರ್ಧ ಗಂಟೆ ಯಾವ ಮೂಲೆಗೆ ಸಾಕು? ಅಷ್ಟರಲ್ಲಿ ಮೇಲಿನಿಂದ ಫೋನ್, "ಆಯ್ತಾ? ಕಳಿಸ್ತೀರಾ?" ಅರೆಬರೆ ಒಣಗಿದ್ದು ಮೇಲೆ ಹೋಗುತ್ತದೆ, ಮರುದಿನ ಅದೇ ದೂರು ಕೆಳಗೆ ಬರುತ್ತದೆ.

ಮಧ್ಯಾಹ್ನ ವಾರ್ಡಿನಲ್ಲಿ ಒಂದು ಆಕ್ಸಿಜನ್ ಫ್ಲೋಮೀಟರ್. ಬಾಟಲಿಗೆ ಗೆರೆ ಮೀರಿ ನೀರು ತುಂಬಿ, ಗಾಜಿನ ಕೊಳವೆಗೂ ತೇವ ಹತ್ತಿತ್ತು. ಗುಬುಟು ಎಷ್ಟು ತಿರುಗಿಸಿದರೂ ಹರಿವು ತೋರಿಸುವ ಗುಂಡು 4ರಲ್ಲೇ ಅಂಟಿ ಕೂತಿತ್ತು. ಅದನ್ನು ಬದಲಾಯಿಸಿ ಕೊಟ್ಟು ಬಂದೆ.

ಸಂಜೆ ಎಸಿಯವರನ್ನು ಕರೆದು ಆ ಹಾಸಿಗೆಯ ಮೇಲಿನ ಗಾಳಿಯನ್ನು ಗೋಡೆಯ ಕಡೆ ತಿರುಗಿಸಿದೆವು. ಟ್ಯೂಬಿನ ನೀರು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಖರ್ಚಿನದು ಇನ್ನೊಂದಿತ್ತು. ನಿಧಾನಕ್ಕೆ ಒಣಗಿಸಲು ಬಿಡುವಾಗಲಿ ಎಂದು ಜಾಸ್ತಿ ಸೆನ್ಸರ್ ಬೇಕೆಂದು ಸ್ಟೋರಿಗೆ ಬರೆದುಕೊಟ್ಟೆ.

"ಹಳೇದು ಹಾಳಾಗಿದ್ಯಾ?" ಎಂದರು.

"ಇಲ್ಲ, ಒಣಗ್ತಾ ಉಂಟು."

"ಹಾಗಾದ್ರೆ ಒಣಗಲಿ. ಒಣಗುವುದಕ್ಕೆಲ್ಲ ಹೊಸದು ಕೊಡ್ಲಿಕ್ಕೆ ಆಗುದಿಲ್ಲ."

ಅರ್ಜಿಯಲ್ಲಿ ಕಾರಣ ಬದಲಿಸಿ ಮತ್ತೆ ಬರೆದಿದ್ದೇನೆ.